ಬಂದವರಿಗೊಂದು ಕೋಣೆ

ಮನ್ನಾಏಖೇಳ್ಳಿಯಲ್ಲಿ ನಾಲ್ಕು ದಾರಿ ಕೂಡುತ್ತವೆ. ಪುಣೆಯಿಂದ ಹೊರಟು ಸೊಲ್ಲಾಪುರ, ಹುಮನಾಬಾದ ದಾಟಿ, ಹೈದರಾಬಾದಿನ ಮೇಲೆ ಹಾಯ್ದು ಮಚಲೀಪಟ್ಟಣದ ಕಡಲು ಮುಟ್ಟುವ 65ನೇ ರಾಷ್ಟ್ರೀಯ ಹೆದ್ದಾರಿ ಈ ಊರನ್ನು ತಾಗಿಕೊಂಡೇ ಹೋಗುತ್ತದೆ. ಹಳೆಯ ಡ್ರೈವರುಗಳ ಬಾಯಲ್ಲಿ ಅದು ಈಗಲೂ ನಂಬರ್ ಒಂಬತ್ತು. ಬಡಗಣಕ್ಕೆ ಬೀದರಿನ ರಸ್ತೆ, ತೆಂಕಣಕ್ಕೆ ಚಿಂಚೋಳಿಯ ರಸ್ತೆ. ಕಬ್ಬಿನ ಟ್ರ್ಯಾಕ್ಟರು, ಲಾರಿ, ಟಂಟಂಗಳ ನಡುವೆ ಜನ ಬಸ್ಸಿಗೆ ಕಾಯುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುತ್ತಾರೆ. ಪ್ರವಾಸಿ ಅಂತ ಹೇಳಿಕೊಂಡು ಇಲ್ಲಿ ಇಳಿಯುವವರು ಕಡಿಮೆ.

ನಾನು ಇಳಿದದ್ದು ಒಂದು ಹುಚ್ಚು ಹಿಡಿದು. ಈ ಸರ್ಕಲ್ಲಿನಿಂದ ಯಾವ ದಿಕ್ಕಿಗೆ ಹೊರಟರೂ, ಹೊತ್ತು ಮುಳುಗುವುದರೊಳಗೆ, ದೂರದೇಶದ ವಿದ್ವಾಂಸರು ಬಂದು ನೆಲೆಸಿದ ಒಂದು ಜಾಗ ಸಿಗುತ್ತದೆ. ಒಂದಕ್ಕೆ ಸಾವಿರ ವರ್ಷದ ವಯಸ್ಸು, ಇನ್ನೊಂದಕ್ಕೆ ಐವತ್ತು. ಅಲ್ಲಿ ಅವರು ಏನು ಕಲಿತರು, ಏನು ಬರೆದರು ಎಂಬುದನ್ನು ಪುಸ್ತಕಗಳು ಹೇಳುತ್ತವೆ. ನನಗೆ ತಿಳಿಯಬೇಕಾಗಿದ್ದದ್ದು ಬೇರೆ. ಅವರು ಎಲ್ಲಿ ಮಲಗಿದರು? ಏನು ಉಂಡರು? ಅವರ ನೀರು, ಹಾಸಿಗೆ, ದೀಪದೆಣ್ಣೆಯ ಖರ್ಚು ಯಾರು ಹೊತ್ತರು?

ಜೊತೆಗೆ ನಮ್ಮ ಕಾಕಾ ಇದ್ದರು. ಕೃಷಿ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಮಾರ್ಗಶಿರ ಮಾಸ ಮುಗಿಯುತ್ತ ಬಂದಿತ್ತು. ರಸ್ತೆಯ ಎರಡೂ ಬದಿಗೆ ತೊಗರಿ ಕಾಯಿ ಕಟ್ಟಿ ನಿಂತಿತ್ತು.

“ತಮ್ಮಾ, ಈ ತೊಗರಿ ಹೆಸರೇನು ಗೊತ್ತದೇನು?” ಎಂದರು ಕಾಕಾ.

“ತೊಗರಿಗೆ ಎಂಥ ಹೆಸರು ಕಾಕಾ?”

“ಮಾರುತಿ ಅಂತಾರ. ನೆಟೆ ರೋಗಕ್ಕ ಬಗ್ಗಲಾರದ ತಳಿ. ಅದು ಬಂದದ್ದು ಈ ರಸ್ತಾದ ಮೂಡಲ ತುದೀಗಿಂದ. ಮೊದಲ ಅಲ್ಲಿಗಿ ಹೋಗೋಣ ನಡಿ.”

ಆ ಹೊಲದಲ್ಲಿದ್ದದ್ದು ಮಾರುತಿಯೋ ಅದರ ತಂಗಿಯೋ, ಹೊಲದವನನ್ನು ಕೇಳಲಿಲ್ಲ. ಆದರೆ ಕಾಕಾ ಹೇಳಿದ ಕಥೆ ನಿಜ. ಜಹೀರಾಬಾದು, ಸಂಗಾರೆಡ್ಡಿ ದಾಟಿದರೆ ಪಟಾನ್‌ಚೆರು. ಅಲ್ಲಿ 1972ರಲ್ಲಿ ಅಂತರರಾಷ್ಟ್ರೀಯ ಅರೆಶುಷ್ಕ ಉಷ್ಣವಲಯದ ಬೆಳೆಗಳ ಸಂಶೋಧನಾ ಸಂಸ್ಥೆ ಹುಟ್ಟಿತು. ನಮ್ಮ ರೈತರು ಅದನ್ನು ಇಕ್ರಿಸ್ಯಾಟ್ ಎಂದೇ ಕರೆಯುತ್ತಾರೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ: ಬೀದರ ಜಿಲ್ಲೆಯ ಅಡುಗೆಮನೆಯ ಡಬ್ಬಿಗಳನ್ನು ನೋಡಿಕೊಂಡೇ ಈ ಐದು ಬೆಳೆಗಳನ್ನು ಆರಿಸಿದರೇನೋ ಎನಿಸುತ್ತದೆ. ಐಸಿಪಿ 8863 ಎಂಬ ಅಲ್ಲಿಯ ತೊಗರಿ ಸಾಲು 1986ರಲ್ಲಿ ‘ಮಾರುತಿ’ಯಾಗಿ ಕರ್ನಾಟಕದ ಹೊಲಗಳಿಗೆ ಬಂತು.

ಗೇಟು ದಾಟಿ ಒಳಗೆ ಹೋದಾಗ ನನಗೆ ಮೊದಲು ಕಂಡದ್ದು ಪ್ರಯೋಗಶಾಲೆಯಲ್ಲ, ಒಂದು ಊರು. ಸಾವಿರಾರು ಎಕರೆಯ ಆವರಣ. ಅರ್ಧ ಕಪ್ಪು ಮಣ್ಣು, ಅರ್ಧ ಕೆಂಪು ಮಣ್ಣು, ನಡುನಡುವೆ ಕೆರೆ. ಸಿಬ್ಬಂದಿಗೆ ಮನೆಗಳು, ವರ್ಷಗಟ್ಟಲೆ ಇರಲು ಬಂದ ವಿಜ್ಞಾನಿಗಳ ಕುಟುಂಬಕ್ಕೆ ಅಪಾರ್ಟ್‌ಮೆಂಟು, ತರಬೇತಿಗೆ ಬಂದವರಿಗೆ ಹಾಸ್ಟೆಲ್ಲು, ನಾಲ್ಕು ದಿನದ ಅತಿಥಿಗೆ ಗೆಸ್ಟ್ ಹೌಸು, ಎಲ್ಲರಿಗೂ ಊಟದ ಮನೆ. ವಸತಿ ಮತ್ತು ಊಟವನ್ನು ನೋಡಿಕೊಳ್ಳಲೆಂದೇ ಒಂದು ವಿಭಾಗ. ಪರದೇಶದಿಂದ ಬಂದವರ ಮಕ್ಕಳು ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆ ಮೊದಲ ವರ್ಷವೇ ಎದ್ದಿತ್ತು. ಹೈದರಾಬಾದಿನ ಇಂಟರ್‌ನ್ಯಾಷನಲ್ ಸ್ಕೂಲ್ ಹುಟ್ಟಿದ್ದು ಆ ಕುಟುಂಬಗಳಿಗಾಗಿ.

ಕಾಕಾ ಪ್ರಾಯದಲ್ಲಿ ತರಬೇತಿಗೆಂದು ಇಲ್ಲಿಯ ಹಾಸ್ಟೆಲಿನಲ್ಲಿ ಉಳಿದಿದ್ದರು. ಬಾಜೂ ಕೋಣೆಯಲ್ಲಿ ನೈಜರ್ ದೇಶದವನೊಬ್ಬ. ಭಾಷೆ ಬರದೆ ಇಬ್ಬರೂ ನಗುವುದರಲ್ಲೇ ಕೆಲವು ದಿನ ಕಳೆದರಂತೆ. ಒಂದು ದಿನ ತಾಟಿನಲ್ಲಿ ಸಜ್ಜೆಯ ರೊಟ್ಟಿ ಕಂಡು ಅವನ ಮುಖ ಅರಳಿತು. ತನ್ನ ಊರಲ್ಲಿ ಇದನ್ನೇ ಕುಟ್ಟಿ ಗಂಜಿ ಮಾಡುತ್ತಾರೆಂದು ಕೈಯಲ್ಲಿ ಕುಟ್ಟಿ ತೋರಿಸಿದ. “ಅವತ್ತಿನಿಂದ ನಾ ಅವನ ಜೋಡಿ ಮಾತಾಡ್ಲಾಕ ಸುರು ಮಾಡ್ದೆ ನೋಡು. ಹೊಲದಾಗ ಕಲ್ತದ್ದಕ್ಕಿಂತ ಊಟಕ್ಕ ಕುಂತಾಗ ಕಲ್ತದ್ದೇ ಜಾಸ್ತಿ,” ಎಂದರು. ನನಗೆ ಈ ಮಾತು ದಾರಿಯುದ್ದಕ್ಕೂ ಉಳಿಯಿತು.

ಮನುಷ್ಯರಿಗೆ ಅಷ್ಟೇ ಅಲ್ಲ, ಬೀಜಗಳಿಗೂ ಇಲ್ಲಿ ವಸತಿಯಿದೆ. 144 ದೇಶಗಳಿಂದ ಬಂದ 1,20,000ಕ್ಕೂ ಹೆಚ್ಚು ತಳಿಗಳ ಬೀಜ ತಣ್ಣನೆಯ ಕೋಣೆಗಳಲ್ಲಿ ಮಲಗಿವೆ. ಕೆಲವು 4 ಡಿಗ್ರಿಯಲ್ಲಿ, ಬಹುಕಾಲ ಉಳಿಯಬೇಕಾದವು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಬರ ಬಂದೋ ಯುದ್ಧ ಬಂದೋ ಒಂದು ದೇಶದ ತಳಿ ಅಳಿದರೆ ಇಲ್ಲಿಂದ ಮರಳಿ ಹೋಗಬಹುದು. ಎಲ್ಲಿಯೋ ಆಫ್ರಿಕದ ಹಳ್ಳಿಯ ಅಜ್ಜಿ ಮಡಕೆಯಲ್ಲಿ ಕಾಪಿಟ್ಟ ಜೋಳದ ಕಾಳು ನಮ್ಮ ದಖನ್ನಿನ ನೆಲದಲ್ಲಿ ನೆರೆಯ ಸಜ್ಜೆಯ ಪಕ್ಕ ಸುರಕ್ಷಿತವಾಗಿದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಒಂದು ಮಾತು ಮಾತ್ರ ಹೇಳದೆ ಇರಲಾರೆ: ಈ ಆವರಣ ಏಳುವಾಗ ಅಲ್ಲಿದ್ದ ಹಳ್ಳಿಗಳು ಎದ್ದು ಬೇರೆಡೆಗೆ ಹೋದವು. ಬಂದವರಿಗೆ ಮನೆ ಕಟ್ಟಿದಾಗ ಇದ್ದವರು ಮನೆ ಬಿಟ್ಟಿದ್ದಾರೆ. ಆ ಋಣ ದೊಡ್ಡದು.

ಮರಳಿ ಮನ್ನಾಏಖೇಳ್ಳಿಗೆ ಬಂದು ಬೀದರಿನ ರಸ್ತೆ ಹಿಡಿದೆವು. ಜಂಬಿಟ್ಟಿಗೆಯ ಕೆಂಪು ನೆಲ ಏರುತ್ತ ಹೋಗಿ ಕೋಟೆಯ ಊರಾಗುತ್ತದೆ. ಓಣಿಗಳ ನಡುವೆ ಇದ್ದಕ್ಕಿದ್ದಂತೆ ಮಹಮೂದ್ ಗಾವಾನನ ಮದರಸಾ.

ಎಷ್ಟು ಸಲ ಚಿತ್ರದಲ್ಲಿ ನೋಡಿದ್ದರೂ ಎದುರು ನಿಂತಾಗ ಮಾತು ನಿಲ್ಲುತ್ತದೆ. ಉಳಿದಿರುವ ಒಂದೇ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಹೆಂಚಿನ ತುಣುಕುಗಳು ಇನ್ನೂ ಹೊಳೆಯುತ್ತವೆ. ಐನೂರೈವತ್ತು ಮಳೆಗಾಲ ಕಂಡ ಬಣ್ಣ! 1472ರಲ್ಲಿ ಮುಗಿದ ಕಟ್ಟಡವಿದು. ಕಟ್ಟಿಸಿದವನು ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆಂದು ಬಂದು, ಬಹಮನಿ ರಾಜ್ಯದ ಪ್ರಧಾನಿಯಾದವನು. ಬೀದರಿಗೆ ಬಂದಾಗ ಅವನಿಗೆ ನಲವತ್ತು ದಾಟಿತ್ತು. ಪರಸ್ಥಳದಲ್ಲಿ ಇಳಿಯಲು ಮನೆ ಹುಡುಕುವ ಪಾಡು ಏನೆಂದು ತಿಳಿದವನು.

ಜನ ಮಿನಾರಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಒಳಗೆ ಬನ್ನಿ. ಚೌಕದ ಅಂಗಳ, ಸುತ್ತಲೂ ಮೂರು ಅಂತಸ್ತು. ವಿದ್ಯಾರ್ಥಿಗಳಿಗೆ 36 ಕೋಣೆ, ಅಧ್ಯಾಪಕರಿಗೆ 6 ಮನೆ ಎಂದು ಲೆಕ್ಕ ಹೇಳುತ್ತಾರೆ. ವಿದ್ಯಾರ್ಥಿಗಳ ಕೋಣೆಗಳು ಅಂಗಳಕ್ಕೆ ಮುಖ ಮಾಡಿವೆ. ಬಾಗಿಲಿನಿಂದ ಬೆಳಕು, ಹಿಂದಿನ ಗವಾಕ್ಷಿಯಿಂದ ಗಾಳಿ. ಮಸೀದಿ, ಪಾಠದ ಸಭಾಂಗಣ, ಗ್ರಂಥಾಲಯ ಎಲ್ಲ ಒಂದೇ ಸೂರಿನಡಿ. ಓದುವ ಜಾಗಕ್ಕೂ ಮಲಗುವ ಜಾಗಕ್ಕೂ ನಡುವೆ ಒಂದು ಅಂಗಳದಷ್ಟೇ ದೂರ. ರಾತ್ರಿ ಒಂದು ಸಂಶಯ ಹುಟ್ಟಿದರೆ ಗುರುವಿನ ಬಾಗಿಲಿಗೆ ಹತ್ತು ಹೆಜ್ಜೆ. ತೇವ ಏರದಂತೆ ಬುನಾದಿಯಲ್ಲಿ ಸೀಸದ ತಗಡು ಹಾಸಿದ್ದರೆಂದು ಇತಿಹಾಸಕಾರ ಗುಲಾಂ ಯಜ್ದಾನಿ ದಾಖಲಿಸಿದ್ದಾರೆ. ಪುಸ್ತಕಕ್ಕೂ ಬೆನ್ನಿಗೂ ತೇವ ಆಗದೆಂದು ಬಲ್ಲವರು ಕಟ್ಟಿದ ಮನೆ! ನಾನು ಒಂದು ಕೋಣೆಯ ಹೊಸ್ತಿಲ ಮೇಲೆ ಬಹಳ ಹೊತ್ತು ಕುಳಿತೆ. ಶೀರಾಜಿನ ಹುಡುಗನೊಬ್ಬ ಇಲ್ಲಿ ಮೊದಲ ರಾತ್ರಿ ಕಳೆದಿರಬಹುದು. ಹೊರಗೆ ಅವನ ಕಿವಿಗೆ ಬಿದ್ದ ಮಾತು ಕನ್ನಡ, ತೆಲುಗು, ಮರಾಠಿ, ದಖನಿ. ಬೆಳಿಗ್ಗೆ ಎದ್ದರೆ ಊಟ ಸಿದ್ಧ, ದುಡ್ಡು ಕೇಳುವವರಿಲ್ಲ.

ಇದೇ ಕಾಲದಲ್ಲಿ ರಷ್ಯದ ತ್ವೇರ್ ನಗರದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದು ತಿಂಗಳುಗಟ್ಟಲೆ ಉಳಿದ. ಮದರಸಾದ ಗೋಡೆ ಏಳುತ್ತಿದ್ದ ದಿನಗಳವು. ಈ ನಾಡಿನಲ್ಲಿ ಪರದೇಶಿ ವ್ಯಾಪಾರಿಗಳು ಛತ್ರಗಳಲ್ಲಿ ಇಳಿಯುತ್ತಾರೆ, ಅಲ್ಲಿ ಅಡುಗೆ ಮಾಡಿ ಬಡಿಸುತ್ತಾರೆ ಎಂದು ಅವನು ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದಾನೆ. ಗಾವಾನನ ಜೊತೆ ದಿನಾ ಐನೂರು ಮಂದಿ ಊಟಕ್ಕೆ ಕೂಡುತ್ತಿದ್ದರೆಂದೂ ಬರೆದಿದ್ದಾನೆ. ಆದರೆ ಗಾವಾನನ ಸ್ವಂತ ಬದುಕಿನ ಬಗ್ಗೆ ಇತಿಹಾಸಕಾರ ಫರಿಶ್ತಾ ಹೇಳುವುದು ಇನ್ನೊಂದು: ಅವನು ಮಲಗುತ್ತಿದ್ದದ್ದು ಚಾಪೆಯ ಮೇಲೆ, ಉಣ್ಣುತ್ತಿದ್ದದ್ದು ಮಣ್ಣಿನ ಮಡಕೆಯಲ್ಲಿ ಬೆಂದದ್ದನ್ನು. ಸತ್ತಾಗ ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ಮೂರು ಸಾವಿರ ಪುಸ್ತಕ.

ಸಾವು ನ್ಯಾಯವಾಗಿ ಬರಲಿಲ್ಲ. ಬಹಮನಿ ದರಬಾರಿನಲ್ಲಿ ಹೊರಗಿನಿಂದ ಬಂದ ಆಫಾಕಿಗಳಿಗೂ ಇಲ್ಲಿಯವರಾದ ದಖನಿಗಳಿಗೂ ಬಗೆಹರಿಯದ ವೈರ. ಬಂದವರಿಗೆ ಇಷ್ಟೊಂದು ಏಕೆ ಎಂಬ ಸಿಟ್ಟು. ಗಾವಾನ ಎರಡು ಕಡೆಯವರಿಗೂ ಸಮನಾಗಿ ಹಂಚಲು ನೋಡಿದ. ಕೊನೆಗೆ ಅವನ ವೈರಿಗಳು ಖೊಟ್ಟಿ ಪತ್ರವೊಂದನ್ನು ಸೃಷ್ಟಿಸಿ ಸುಲ್ತಾನನ ಕೈಗಿಟ್ಟರು. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಮುದುಕನ ತಲೆ ತೆಗೆದರು. ಅಲ್ಲಿಂದ ರಾಜ್ಯವೂ ಒಡೆದು ಹೋಳಾಯಿತು. ಔರಂಗಜೇಬನ ಕಾಲದಲ್ಲಿ ಮದರಸಾದ ಅದೇ ಕೋಣೆಗಳಲ್ಲಿ ಸಿಪಾಯಿಗಳು ಇಳಿದರು, ಮದ್ದು ತುಂಬಿದರು. ಸುಮಾರು 1696ರಲ್ಲಿ ಅದು ಸಿಡಿದು ಕಟ್ಟಡದ ಮುಂಭಾಗವನ್ನೂ ಇನ್ನೊಂದು ಮಿನಾರನ್ನೂ ಕೊಂಡೊಯ್ದಿತು.

ಊರಿನ ಅಂಚಿಗೆ ನೌಬಾದಿನಲ್ಲಿ ಕಾಕಾ ನನಗೆ ಕರೇಜು ತೋರಿಸಿದರು. ಪರ್ಶಿಯದ ವಿದ್ಯೆಯಿಂದ ನೆಲದೊಳಗೆ ಕೊರೆದು ನೀರು ಹರಿಸಿದ ಕಾಲುವೆ. ಎಷ್ಟು ಕೋಣೆ ಕಟ್ಟಿದರೂ ಈ ಕಲ್ಲುನೆಲದ ಮೇಲೆ ನೀರಿಲ್ಲದೆ ಯಾರು ಉಳಿದಾರು? ಬಂದವರು ಬರೀ ಉಂಡು ಹೋಗಲಿಲ್ಲ, ನೀರು ತರುವ ವಿದ್ಯೆಯನ್ನೂ ಕೊಟ್ಟರು. ಬಗ್ಗಿ ನೋಡಿದರೆ ಕತ್ತಲೆಯ ಆಳದಲ್ಲಿ ಆ ಕಾಲುವೆ ಈಗಲೂ ಇದೆ.

ಪಡುವಣದ ದಾರಿ ಹಿಡಿದ ದಿನ ಎಳ್ಳಮಾವಾಸ್ಯೆ. ಬೀದರ, ಕಲಬುರಗಿಯವರಿಗೆ ಈ ಹಬ್ಬದ ವಿವರ ಬೇಕಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ. ಅಂದು ಊರು ಖಾಲಿಯಾಗಿ ಹೊಲ ತುಂಬುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ ಒಳಗೆ ಪೂಜೆ. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಬೆರೆಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಹೊಲಕ್ಕೆ ಚರಗ ಚೆಲ್ಲಿದ ಮೇಲೆ, ದಾರಿಯಲ್ಲಿ ಹೋಗುವವರನ್ನು ಕರೆಯುತ್ತಾರೆ. ನಮ್ಮ ಕಾರು ನಿಧಾನವಾಗಿದ್ದೇ ತಡ, ಒಬ್ಬ ತಾಯಿ ಬದುವಿನ ಮೇಲೆ ನಿಂತು ಕೈಬೀಸಿದರು.

“ಬರ್ರಿ ಯಣ್ಣಾ, ಹಬ್ಬದ ದಿನ ಹಂಗ ಹೋಗಬಾರ್ದು. ಒಂದು ತುತ್ತು ಉಂಡು ಹೋಗ್ರಿ.”

“ನಾವು ಯಾರು ಅಂತ ಗೊತ್ತಿಲ್ಲಲ್ಲ ಯಕ್ಕಾ,” ಎಂದೆ.

“ಉಂಡ ಮ್ಯಾಲ ಹೇಳ್ರಿ!”

ಹುಮನಾಬಾದಿನ ಹತ್ತಿರ ಮೊಳಕೇರಾ ಇದೆ. ಅಲ್ಲಿಯ ಗವಿ ಮೋಳಿಗೆಯ ಮಾರಯ್ಯನದು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬದುಕಿದನೆಂದು ಶರಣ ಪರಂಪರೆ ಹೇಳುತ್ತದೆ. ಅರಮನೆ ಬಿಟ್ಟು ಬಂದವನಿಗೆ ಈ ಗವಿ ಸಾಕಾಯಿತು. ಆದರೆ ಅವನು ಬಿಟ್ಟಿ ಇರಲಿಲ್ಲ, ಹೊರೆ ಹೊತ್ತ. ಕಲ್ಯಾಣದ ವಸತಿಯ ನಿಯಮವೇ ಅದು. ಬಂದವರಿಗೆ ಸೂರುಂಟು, ಅನ್ನವುಂಟು, ಜೊತೆಗೆ ಕಾಯಕವುಂಟು. ಬೆನ್ನು ಬಗ್ಗಿಸಿ ಆ ಗವಿಯ ಬಾಯಿ ಹೊಕ್ಕಾಗ ಶ್ರೀನಗರ ಎಷ್ಟು ದೂರವೆಂದು ಲೆಕ್ಕ ಹಾಕಲು ನೋಡಿದೆ, ಕಾಲ್ನಡಿಗೆಯಲ್ಲಿ. ಮನಸ್ಸು ಸೋತಿತು. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನ ದತ್ತ ಜಯಂತಿಯ ಜನರನ್ನು ಬೀಳ್ಕೊಟ್ಟು ವಿರಮಿಸುತ್ತಿತ್ತು. ಅಲ್ಲಿಯೂ ಎಲ್ಲ ಮತದವರಿಗೂ ಅನ್ನ, ಎಲ್ಲ ಘರಾಣೆಯವರಿಗೂ ಹಾಡಲು ಚಾವಡಿ.

ಮುಂದೆ ಕಲ್ಯಾಣ, ಇಂದಿನ ಬಸವಕಲ್ಯಾಣ.

ಬಸವಣ್ಣನವರಿಗಿಂತ ಮೊದಲೇ ಈ ಊರು ಪರಸ್ಥಳದ ವಿದ್ವಾಂಸರ ನೆಲೆ. ಕಾಶ್ಮೀರದ ಕವಿ ಬಿಲ್ಹಣ ಊರೂರು ಅಲೆದು ಕೊನೆಗೆ ಇಲ್ಲಿಗೆ ಬಂದ. ಇಲ್ಲಿಯ ಅರಸ ಆರನೇ ವಿಕ್ರಮಾದಿತ್ಯ ಅವನನ್ನು ವಿದ್ಯಾಪತಿಯನ್ನಾಗಿ ಮಾಡಿಕೊಂಡ. ಭಾರತದ ಬಹುಭಾಗಕ್ಕೆ ಆಸ್ತಿ ಹಂಚಿಕೆಯ ನ್ಯಾಯ ಹೇಳಿದ ಮಿತಾಕ್ಷರಾವನ್ನು ವಿಜ್ಞಾನೇಶ್ವರ ಬರೆದದ್ದು ಇಲ್ಲಿ. ಮೂರನೇ ಸೋಮೇಶ್ವರನ ಮಾನಸೋಲ್ಲಾಸ ಎಂಬ ಗ್ರಂಥದ ಕಾಲ 1129. ಅರಮನೆಯ ಆ ಆತಿಥ್ಯ ಹೆಸರುವಾಸಿಗಳಿಗೆ. ಬಿಜ್ಜಳನ ಕಾಲದಲ್ಲಿ ಬಸವಣ್ಣ ತೆರೆದ ಮಹಾಮನೆಯಲ್ಲಿ ಬಾಗಿಲು ಕಾಯುವವನು ಹೆಸರು ಕೇಳಲಿಲ್ಲ. ಸೊನ್ನಲಿಗೆಯಿಂದ ಸಿದ್ಧರಾಮ ಬಂದ, ಉಡುತಡಿಯಿಂದ ಅಕ್ಕಮಹಾದೇವಿ ಬಂದಳು. ದಾಸೋಹಕ್ಕೆ ಕೂಡುತ್ತಿದ್ದ ಜಂಗಮರು ಒಂದು ಲಕ್ಷ ತೊಂಬತ್ತಾರು ಸಾವಿರ ಎಂಬುದು ಪುರಾಣಗಳ ಲೆಕ್ಕ. ಆ ಅಂಕಿಯನ್ನು ಅಳೆಯಲು ನಾನು ಹೋಗುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆ ಬೇಕೆನಿಸುವಷ್ಟು ಜನ ಬಂದದ್ದಂತೂ ಹೌದು.

ಅವರೆಲ್ಲರಲ್ಲಿ ನನ್ನನ್ನು ಕಾಡುವವನು ಮರುಳಶಂಕರದೇವ. ಅಫ್ಘಾನಿಸ್ತಾನದ ಕಡೆಯಿಂದ ಬಂದವನೆಂದು ಪ್ರತೀತಿ. ಮಹಾಮನೆಯ ಪ್ರಸಾದ ಕುಂಡದ ಬಳಿ, ಕೈಕಾಲು ತೊಳೆದ ನೀರು ಹರಿಯುವಲ್ಲಿ, ಹನ್ನೆರಡು ವರ್ಷ ಇದ್ದ. ಹುಚ್ಚನೆಂದುಕೊಂಡರು, ಆದರೂ ಯಾರೂ ಎಬ್ಬಿಸಿ ಕಳಿಸಲಿಲ್ಲ. ಅಲ್ಲಮಪ್ರಭು ಬಂದು ನೋಡಿ ಇವನೇ ಮಹಾಜ್ಞಾನಿ ಎಂದು ಗುರುತಿಸಿದಾಗ ಬಸವಣ್ಣನವರೇ ಬೆರಗಾದರೆಂದು ಶೂನ್ಯಸಂಪಾದನೆಯಲ್ಲಿ ಕಥೆಯಿದೆ. ಹನ್ನೆರಡು ವರ್ಷ! ಯಾವ ಸಂಸ್ಥೆ, ಯಾವ ವಿಶ್ವವಿದ್ಯಾಲಯ, ಅರ್ಜಿಯಿಲ್ಲದೆ, ಫಲಿತಾಂಶ ಕೇಳದೆ, ಒಬ್ಬನನ್ನು ಹನ್ನೆರಡು ವರ್ಷ ತನ್ನ ಅಂಗಳದಲ್ಲಿ ಇರಗೊಟ್ಟೀತು?

ಬಸವಕಲ್ಯಾಣದಲ್ಲಿ ನಾವು ಅಕ್ಕನಾಗಮ್ಮನ ಗವಿ ನೋಡಿದೆವು, ನುಲಿಯ ಚಂದಯ್ಯನ ಗವಿ ನೋಡಿದೆವು, ಪರುಷಕಟ್ಟೆಯಲ್ಲಿ ಕುಳಿತೆವು. ಬಂದವರ ಓಣಿ ಎಂಬ ಹೆಸರಿನ ಜಾಗ ಊರಿನಲ್ಲಿ ಇಂದಿಗೂ ಇದೆ. ಜಂಬಿಟ್ಟಿಗೆಯನ್ನು ಕಡಿದು ಮಾಡಿದ ಗವಿಗಳೊಳಗೆ ಬೇಸಿಗೆಯಲ್ಲೂ ತಂಪಿರುತ್ತದಂತೆ. ನಾವು ಹೋದ ಚಳಿಯಲ್ಲಿ ಬೆಚ್ಚಗಿತ್ತು. ಒಬ್ಬರು ಮಲಗಬಹುದು, ಇಬ್ಬರು ಕೂತು ಮಾತಾಡಬಹುದು. ವಚನ ಹುಟ್ಟಲು ಅಷ್ಟು ಜಾಗ ಸಾಕಾಗಿದೆ. ಬಿಜ್ಜಳನ ಕೊಲೆಯಾದ ಗದ್ದಲದಲ್ಲಿ ಶರಣರು ಉಳವಿಯತ್ತ, ಎಲ್ಲೆಲ್ಲೋ ಚದುರಿದರು. ಗವಿಗಳು ಖಾಲಿಯಾದವು.

ಮತ್ತೆ ಮನೆ ಕಟ್ಟಿದವರು ಭಾಲ್ಕಿಯ ಚನ್ನಬಸವ ಪಟ್ಟದ್ದೇವರು. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಹಿರಿಯರು. ದಿಕ್ಕಿಲ್ಲದ ಮಕ್ಕಳನ್ನು ಮಠದಲ್ಲೇ ಇಟ್ಟುಕೊಂಡು ಸಾಕಿ ಓದಿಸಿದವರು. ಶರಣರು ಕೂಡಿ ಮಾತಾಡುತ್ತಿದ್ದ ಅನುಭವ ಮಂಟಪ ಬಸವಕಲ್ಯಾಣದಲ್ಲಿ ಮತ್ತೆ ಎದ್ದದ್ದು ಅವರ ಜೋಳಿಗೆಯಿಂದ.

ತೆಂಕಣದ ದಾರಿಯ ಮಾತು ಚಿಕ್ಕದಾಗಿ ಮುಗಿಸುತ್ತೇನೆ, ಹೊತ್ತಾಗಿತ್ತು, ಮಬ್ಬಿನಲ್ಲೇ ನೋಡಿದೆವು. ಚಿಂಚೋಳಿ ದಾಟಿ ಚಿತ್ತಾಪುರದ ಬಳಿ ನಾಗಾವಿ. 1058ರ ಶಾಸನ ಅಲ್ಲಿಯ ಘಟಿಕಾಸ್ಥಾನದ, ಎಂದರೆ ವಿದ್ಯಾಪೀಠದ, ವ್ಯವಸ್ಥೆಯನ್ನು ಹೇಳುತ್ತದೆ: ವೇದ ಕಲಿಯುವವರು 200, ಶಾಸ್ತ್ರ ಕಲಿಯುವವರು 52, ಅವರಿಗೆ ಉಪಾಧ್ಯಾಯರು, ಪುಸ್ತಕ ಕಾಯಲು 6 ಜನ ಸರಸ್ವತೀ ಭಂಡಾರಿಗರು. ಕಲಿಸುವವರಿಗೂ ಪುಸ್ತಕ ಕಾಯುವವರಿಗೂ ಇಷ್ಟಿಷ್ಟು ಮತ್ತರು ಭೂಮಿ ಎಂದು ಬರೆದು ಕೊಟ್ಟಿದ್ದಾರೆ. ಗ್ರಂಥಪಾಲಕನ ಹೊಟ್ಟೆಯ ಚಿಂತೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ನಮ್ಮದು! ಅರವತ್ತು ಕಂಬದ ಗುಡಿಯಲ್ಲಿ ನಿಂತು ಕಾಕಾ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ಬಂದರು, ಮಾತಾಡಲಿಲ್ಲ.

ಈಗ ಹೇಳಬೇಕಾದದ್ದು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅಮರಗಣಂಗಳೆನಿಸಿದ 770 ಶರಣರ ನೆನಪಿಗೆ 770 ಕಂಬಗಳ ಭವ್ಯ ಕಟ್ಟಡದ ಯೋಜನೆ. ಕಂಬಗಳು ಏಳಲಿ, ಗೋಪುರ ಏಳಲಿ, ನಾನು ಮೊದಲು ಹೋಗಿ ಕೈಮುಗಿಯುತ್ತೇನೆ. ಆದರೆ ಗಾವಾನನ ಅಂಗಳ, ಪಟಾನ್‌ಚೆರುವಿನ ಹಾಸ್ಟೆಲ್ಲು, ನಾಗಾವಿಯ ಶಾಸನ ನೋಡಿ ಬಂದ ಮೇಲೆ ನನ್ನ ಕೋರಿಕೆ ಒಂದೇ. ವಚನಗಳ ಮೇಲೆ ಕೆಲಸ ಮಾಡಲು ಕಾಬೂಲಿನಿಂದಲೋ ಕಾಶ್ಮೀರದಿಂದಲೋ ಕೊಳ್ಳೇಗಾಲದಿಂದಲೋ ಒಬ್ಬಳು ಹುಡುಗಿ ಬಂದರೆ ಅವಳು ಆರು ತಿಂಗಳು ಎಲ್ಲಿರಬೇಕು? ಯಾತ್ರಿಗಳ ಒಂದು ರಾತ್ರಿಯ ಕೋಣೆ ಅವಳಿಗೆ ಸಾಲದು. ಮೇಜು, ದೀಪ, ಪುಸ್ತಕದ ಗೂಡು ಇರುವ ಕೋಣೆಗಳು ಗ್ರಂಥಾಲಯಕ್ಕೆ ಒಂದು ಅಂಗಳದಷ್ಟು ದೂರದಲ್ಲಿ ಬೇಕು. ಕಲಿಸುವವರಿಗೆ ಕುಟುಂಬದೊಡನೆ ಇರುವ ಮನೆ ಬೇಕು. ಗುಡಿಸುವವರಿಗೆ, ಅಡುಗೆಯವರಿಗೆ, ಕಾವಲಿನವರಿಗೆ ಅದೇ ಆವರಣದಲ್ಲಿ ಅಷ್ಟೇ ಗಟ್ಟಿಯಾದ ಮನೆ ಬೇಕು. ಕಲ್ಯಾಣದಲ್ಲಿ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಊಟದ ಮನೆ ಬೇಕು. ಇದಕ್ಕಾಗಿ ಯಾವ ಓಣಿಯವರನ್ನೂ ಎಬ್ಬಿಸಬಾರದು.

ಬೀದರ ಜಿಲ್ಲೆಯ ಓದುಗರೇ, ಮಠಗಳ ಸ್ವಾಮಿಗಳನ್ನು ಕಂಡಾಗ, ನಿಮ್ಮ ಶಾಸಕರು ಎದುರಾದಾಗ ಈ ಕೋಣೆಗಳ ಬಗ್ಗೆ ಕೇಳಿ. ಎರಡು ಸಾಲು ಬರೆದು ಕೈಗೆ ಕೊಡಿ.